ಗಾಳಿಕೊಳವೆಯ ಭೂತದವರಿಗೆ, ನಮ್ಮ ಅಡುಗೆಯವಳನ್ನು ಹಿಂದಿರುಗಿಸುವ ಬಗ್ಗೆ

ನಕ್ಷತ್ರಗಳಾಚೆ ಸಾಗುತ್ತಿರುವ ನೌಕೆಯ ಗಾಳಿಕೊಳವೆಯಲ್ಲಿ ಬಾಡಿಗೆಯಿಲ್ಲದೆ ವಾಸವಾಗಿರುವ, ಟೀವಿ ಧಾರಾವಾಹಿಯ ಎಂಟು ಕಾಲಿನ ಭೂತದವರ ಸನ್ನಿಧಿಗೆ, ಸಮವಸ್ತ್ರ ಹೊಲಿಯುವ ಕೋಣೆಯ ಎಲ್ಲರ ಪರವಾಗಿ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ಮೈಯಲ್ಲಿ ಆರೋಗ್ಯವಿಲ್ಲದವರು ವಾರಕ್ಕೊಬ್ಬರನ್ನು ಬೂಟುಸಹಿತ ಅರಗಿಸಿಕೊಳ್ಳಲಾರರು. ತಮ್ಮ ಕತೆಯನ್ನು ನಮಗೆ ಮೊದಲು ಹೇಳಿದವರು ನನ್ನ ಸೋದರತ್ತೆ, ಬೇಸಿಗೆ ಆಗತಾನೆ ಕಾಲಿಟ್ಟಿದ್ದ ಒಂದು ಸೋಮವಾರ ಬೆಳಿಗ್ಗೆ, ಅಂಗಿಯ ಗುಂಡಿತೂತಿಗೆ ಕಾಜಾ ಹಾಕಲು ಸೂಜಿಗೆ ದಾರ ಪೋಣಿಸುತ್ತ. ತಾವು ಕಾಣಿಸಿಕೊಳ್ಳುವ ಚಾನೆಲ್ಲು ನಮ್ಮ ಪೈಕಿ ಅವರ ಮನೆಗೆ ಮಾತ್ರ ಬರುವುದರಿಂದ, ಭಾನುವಾರ ಸಂಜೆ ಅವರು ನೋಡುವುದು, ಸೋಮವಾರದಿಂದ ಶನಿವಾರದವರೆಗೆ ನಾವು ಕೇಳುವುದು ಎಂಬ ಏರ್ಪಾಟು ತಾನಾಗಿಯೇ ಆಯಿತು. ಅವರನ್ನು ಅತ್ತೆ ಎನ್ನುವ ಹಕ್ಕು ನನ್ನೊಬ್ಬನದೇ ಆದರೂ, ಕಟಿಂಗ್ ಮಾಸ್ತರರಿಂದ ಇಸ್ತ್ರಿಯವನವರೆಗೆ ಕೋಣೆಗೆಲ್ಲ ಅವರು ಅತ್ತೆಯೇ.

ತಮ್ಮಿಂದ ನಮಗಾದ ಉಪಕಾರವನ್ನು ಮೊದಲು ಹೇಳಿಬಿಡುತ್ತೇನೆ. ತಮ್ಮ ನೌಕೆಯ ಕ್ಯಾಪ್ಟನ್ನು ಎಲ್ಲಿ ಸದ್ದಾದರೂ ತಾನು ಕುರ್ಚಿ ಬಿಟ್ಟೇಳದೆ, 'ಏನೋ ಸದ್ದಾಯ್ತು, ನೀನೊಬ್ಬನೇ ಹೋಗಿ ನೋಡಿ ಬಾ' ಎಂದು ಇನ್ನೊಬ್ಬನನ್ನು ಕಳಿಸುವ ಸಂಗತಿ ಕೇಳಿದ ಮೇಲೆ, ನಮ್ಮಲ್ಲಿ ದಾರದ ಉಂಡೆ ತರಲು ಕೂಡ ಒಬ್ಬೊಬ್ಬರೇ ಗೋದಾಮಿಗೆ ಹೋಗುವ ದುರಭ್ಯಾಸ ನಿಂತುಹೋಗಿದೆ. ಹುರಿಮೀಸೆಯ ಕಟಿಂಗ್ ಮಾಸ್ತರರು ಕೈತೊಳೆಯಲು ಹೊರಟರೂ ಹಿಂದೊಬ್ಬ ಮುಂದೊಬ್ಬ ಇರಬೇಕು. ಇಸ್ತ್ರಿಪೆಟ್ಟಿಗೆ ಬುಸ್ ಎಂದಾಗಲೆಲ್ಲ ಎಲ್ಲರ ಕಾಲೂ ಪೆಡಲಿನಿಂದ ಮೇಲೇಳುವುದರಿಂದ ಮಂಡಿನೋವಿನವರಿಗೆ ಒಳ್ಳೆಯ ವ್ಯಾಯಾಮವಾಗುತ್ತಿದೆ.

ಆದರೆ ನಮ್ಮನ್ನು ಹಿಡಿದು ಕೂರಿಸಿದ್ದು ತಾವಲ್ಲ ಎಂದು ವಿನಯದಿಂದ ತಿಳಿಸಬೇಕಾಗಿದೆ. ಹಿಡಿದು ಕೂರಿಸಿದವಳು ನೌಕೆಯ ಅಡುಗೆಯವಳು. ಅತ್ತೆ ಹೇಳಿದ ಪ್ರಕಾರ, ಅವಳು ಉಗ್ರಾಣದ ಬಾಗಿಲು ಹಾಕಿಕೊಂಡು, ಕೆಳಗಿನ ಸಂದಿಯಿಂದ ತಮಗೆ ದಿನಕ್ಕೊಂದು ತಟ್ಟೆ ಗಂಜಿ ತಳ್ಳಿ, 'ಕಾಲು ಒರೆಸ್ಕೊಂಡು ಬಾ, ಎಂಟೂ ಒರೆಸ್ಕೋ' ಎಂದು ಗದರಿಸುತ್ತಿದ್ದಳು. ತಾವು ಗಂಜಿ ಕುಡಿದು, ಅವಳನ್ನು ನಾಳೆ ತಿಂದರಾಯಿತು ಎಂದು ಕೊಳವೆಗೆ ಹಿಂದಿರುಗುತ್ತಿದ್ದಿರಿ. ಇವತ್ತೇನು ಗಂಜಿ, ಉಪ್ಪು ಉಳಿದಿದೆಯೇ ಎಂದು ಕೇಳಿಕೊಂಡೇ ನಮ್ಮ ಮಿಷನ್ನುಗಳು ಓಡುತ್ತಿದ್ದವು.

ಹೀಗಿರುವಾಗ ಇಸ್ತ್ರಿಯವನು ಒಂದು ಭಾನುವಾರ ಬೀಗರ ಮನೆಗೆ ಹೋದವನು ಅಲ್ಲಿ ತಮ್ಮ ದರ್ಶನ ಮಾಡಿ ಬಂದ. ಮರುದಿನ ಅತ್ತೆ ಗಂಜಿಯ ತಟ್ಟೆಯವರೆಗೆ ಬಂದಿದ್ದರು, ಅಷ್ಟರಲ್ಲಿ ಇವನು, 'ಯಾವ ಅಡುಗೆಯವಳು ಅತ್ತೆ? ಅವಳನ್ನ ಅದು ಯಾವಾಗ್ಲೋ ನುಂಗಿ ನೀರು ಕುಡೀತು. ಹಿಂದಿನ ವಾರಗಳದ್ದನ್ನೆಲ್ಲ ಶುರುವಿನಲ್ಲಿ ತೋರಿಸ್ತಾರಲ್ಲ, ನಾನೇ ಕಣ್ಣಾರೆ ನೋಡ್ದೆ' ಎಂದುಬಿಟ್ಟ. ಅತ್ತೆ ಹಲ್ಲಿನಿಂದ ದಾರ ಕಡಿದು, 'ಹೌದಾ' ಎಂದರು. ತೋಳು ಜೋಡಿಸುವ ಅಕ್ಕ, 'ಬದುಕಿದ್ದವಳನ್ನ ಕೊಂದ್ಯಲ್ಲೋ, ನಿನ್ನ ಬಾಯಿಗೆ ಕಾಜಾ ಇಲ್ದೆ ಗುಂಡಿ ಹಾಕ' ಎಂದು ಅವನನ್ನು ಬೈದು ಅಳತೊಡಗಿದಳು.

ಅಂದಿನಿಂದ ಅತ್ತೆ ಕತೆ ಹೇಳಿಲ್ಲ. ಗೋಡೆಯ ಕಡೆ ಮುಖ ಮಾಡಿ ಕಾಜಾ ಹಾಕುತ್ತಾರೆ, ಬುತ್ತಿಯನ್ನೂ ಅಲ್ಲೇ ಬಿಚ್ಚುತ್ತಾರೆ, ಈ ತಿಂಗಳಿಗೆ ಕೆಲಸ ಸಾಕು ಎಂದು ಮಾಸ್ತರರಿಗೆ ಹೇಳಿಯೂ ಆಗಿದೆ. ಅವರು ಹೋದರೆ ಈ ಕೋಣೆಯಲ್ಲಿ ಬರೀ ಮಿಷನ್ನುಗಳು ಉಳಿಯುತ್ತವೆ. ಈಗಾಗಲೇ ತೋಳಿನ ಅಕ್ಕ ಮನಸ್ಸು ಎಲ್ಲೋ ಇಟ್ಟು ಒಂದು ಅಂಗಿಗೆ ಮೂರು ತೋಳು ಜೋಡಿಸಿದ್ದಾಳೆ. ಅದನ್ನು ತಮಗೇ ಕಳಿಸೋಣವೆಂದರೆ ತಮ್ಮ ಎಂಟು ಕಾಲಿಗೆ ಇನ್ನೂ ಐದು ತೋಳು ಕಡಿಮೆ.

ಆದಕಾರಣ ದಯಾಳುಗಳಾದ ತಾವು ಸದರಿ ಅಡುಗೆಯವಳನ್ನು, ಸಾಧ್ಯವಾದರೆ ಸೌಟಿನ ಸಮೇತ, ನಿಧಾನವಾಗಿ ಕಕ್ಕಬೇಕಾಗಿ ಪ್ರಾರ್ಥನೆ. ಪೂರ್ತಿ ಅರಗಿಹೋಗಿದ್ದಲ್ಲಿ, ತಿಂದದ್ದು ಬೇರೆ ಯಾರನ್ನೋ ಎಂದು ಮುಂದಿನ ಭಾನುವಾರ ತಾವೇ ತೆರೆಯ ಮೇಲೆ ಬಂದು ಒಂದು ಸುಳ್ಳು ಹೇಳಿದರೂ ಆದೀತು. ಹಸಿವು ತಡೆಯಲಾರದೆ ಹೋದರೆ ಕ್ಯಾಪ್ಟನ್ನು ಕುರ್ಚಿಯಲ್ಲೇ ಇರುತ್ತಾನೆ, ಹುಡುಕುವ ಶ್ರಮವಿಲ್ಲ.

ಇಲ್ಲಿಯವರೆಗೆ ಬರೆದು, ನಿನ್ನೆ ಊಟದ ಹೊತ್ತಿನಲ್ಲಿ ಕೋಣೆಯಲ್ಲಿ ಗಟ್ಟಿಯಾಗಿ ಓದಿ ಎಲ್ಲರ ಸಹಿ ಕೇಳಿದೆ. ಮಾಸ್ತರರು ಸೀಮೆಸುಣ್ಣದಲ್ಲೇ ಸಹಿ ಹಾಕಿದರು. ಇಸ್ತ್ರಿಯವನು ಮಾತ್ರ ತಲೆ ತಗ್ಗಿಸಿ ಎದ್ದುಹೋದ. ಅತ್ತೆ ಗೋಡೆಯಿಂದ ಮುಖ ತಿರುಗಿಸಲಿಲ್ಲ.

ಇವತ್ತು ಬೆಳಿಗ್ಗೆ ಅವನು ಎಲ್ಲರಿಗಿಂತ ಮೊದಲು ಬಂದಿದ್ದ. ಇಸ್ತ್ರಿಪೆಟ್ಟಿಗೆಗೆ ಕರೆಂಟು ಕೊಡದೆ, ಅತ್ತೆಯ ಸ್ಟೂಲಿನ ಪಕ್ಕ ನೆಲದ ಮೇಲೆ ಕೂತು, 'ಅತ್ತೆ, ನಾನು ನೋಡಿದ್ದು ಅವಳ ತಂಗಿ ಇರ್ಬೇಕು' ಎಂದ. ಅತ್ತೆ ಗೋಡೆಯ ಕಡೆಯಿಂದ ಸ್ಟೂಲು ತಿರುಗಿಸಿ ಕನ್ನಡಕದ ಮೇಲಿಂದ ಅವನನ್ನು ನೋಡಿದರು. 'ತಂಗಿ ಗಿಂಗಿ ಯಾರೂ ಇಲ್ಲ. ನುಂಗಿದ್ದು ಅವಳನ್ನೇ. ಅದಕ್ಕೇನೀಗ? ಅಡುಗೆಯವಳು ಹೊಟ್ಟೆಯೊಳಗೆ ಹೋದ್ರೆ ಸುಮ್ನೆ ಕೂತ್ಕೋತಾಳೇನೋ ದಡ್ಡ?' ಎಂದರು. ತೋಳಿನ ಅಕ್ಕ ಮಿಷನ್ನು ನಿಲ್ಲಿಸಿದಳು, ಮಾಸ್ತರರು ಕತ್ತರಿ ಕೆಳಗಿಟ್ಟರು, ನಾವೆಲ್ಲ ಸ್ಟೂಲು ಎಳೆದುಕೊಂಡು ಹತ್ತಿರ ಕೂತೆವು.

ಆದ್ದರಿಂದ ಮೇಲ್ಕಂಡ ಪ್ರಾರ್ಥನೆಯನ್ನು ಹಿಂದಕ್ಕೆ ಪಡೆದಿದ್ದೇನೆ. ಕಕ್ಕುವ ತೊಂದರೆ ತೆಗೆದುಕೊಳ್ಳಬೇಡಿ.

ಇಂತಿ ತಮ್ಮ ವಿಶ್ವಾಸಿ,
ಕಾಲರ್ ಹೊಲಿಯುವವನು

ವಿ.ಸೂ.: ಎದೆಯುರಿ ಶುರುವಾಗಿದ್ದರೆ ವೈದ್ಯರನ್ನು ಕರೆಸಬೇಡಿ, ಅವರನ್ನು ತಾವು ಹೋದ ತಿಂಗಳೇ ತಿಂದಿದ್ದೀರಿ; ಒಳಗೆ ಅಡುಗೆಯವಳ ಒಲೆ ಹೊತ್ತಿದೆ, ತಾವು ನುಂಗಿದವರೆಲ್ಲ ಪಂಕ್ತಿಗೆ ಕೂತಿದ್ದಾರೆ, ಸೌದೆ ಸಾಲದೆ ಬಂದರೆ ತಮ್ಮ ಪಕ್ಕೆಲುಬು ಮುರಿದುಕೊಳ್ಳಲು ಅವಳಿಗೆ ಅತ್ತೆ ಅಪ್ಪಣೆ ಕೊಟ್ಟಿದ್ದಾರೆ.