ನನಗೆ ನಾನೇ ಬರೆದುಕೊಂಡ ಶಿಫಾರಸು ಪತ್ರ

ಬೇರೆಯವರನ್ನು ಹೊಗಳಿ ಬರೆಯುವುದರಲ್ಲಿ ನನ್ನದು ಪಳಗಿದ ಕೈ. ಪೀಣ್ಯದಲ್ಲಿ ಗೇರ್ ತಯಾರಿಸುವ ನಮ್ಮ ಕಾರ್ಖಾನೆಯಲ್ಲಿ ಕರಾರು, ಕಾಗದಪತ್ರ ನೋಡಿಕೊಳ್ಳುವವನು ನಾನೇ ಆದ್ದರಿಂದ, ಕೆಲಸ ಬಿಟ್ಟು ಹೋಗುವವರಿಗೆಲ್ಲ ‘ಇವರು ಶ್ರಮಜೀವಿ, ಸನ್ನಡತೆಯವರು’ ಎಂದು ಬರೆದುಕೊಟ್ಟಿದ್ದೇನೆ. ಊಟವಾದ ಮೇಲೆ ಲೇತ್ ಮೆಷಿನ್ನಿನ ಹಿಂದೆ ಗೊರಕೆ ಹೊಡೆಯುತ್ತಿದ್ದವರೂ ನನ್ನ ಕೈಯಲ್ಲಿ ಶ್ರಮಜೀವಿಗಳಾಗಿಯೇ ಹೊರಬಿದ್ದಿದ್ದಾರೆ. ಇಂಥ ನನಗೆ ಮೂವತ್ತಾರನೆಯ ವಯಸ್ಸಿನಲ್ಲಿ, ಹೊರದೇಶಕ್ಕೆ ಹೋಗಿ ಕಾನೂನು ಮತ್ತು ವ್ಯವಹಾರ ಎರಡನ್ನೂ ಒಟ್ಟಿಗೆ ಓದುವ ಹುಚ್ಚು ಹಿಡಿಯಿತು. ಅಲ್ಲಿನ ಗಿರಾಕಿಗಳು ಕಳಿಸುವ ದಪ್ಪ ದಪ್ಪ ಕರಾರುಗಳನ್ನು ಓದಿ ಓದಿ, ಇದನ್ನೆಲ್ಲ ಬರೆಯುವವರು ಎಲ್ಲಿ ಕಲಿತು ಬರುತ್ತಾರಪ್ಪ ಎಂಬ ಕುತೂಹಲ ತಡೆಯಲಾಗಲಿಲ್ಲ, ಅಷ್ಟೆ.

ಸಂಜೆ ಕಾಲೇಜಿನ ಕಾನೂನು ಪದವಿ ಇತ್ತು, ಪ್ರವೇಶ ಪರೀಕ್ಷೆಯೂ ಹೇಗೋ ಮುಗಿಯಿತು. ಉಳಿದದ್ದು ಕೆಲಸ ಕೊಟ್ಟವರ ಶಿಫಾರಸು ಪತ್ರ. ಅದಿಲ್ಲದಿದ್ದರೆ ಅರ್ಜಿಯನ್ನೇ ನೋಡುವುದಿಲ್ಲವೆಂದು ವಿಶ್ವವಿದ್ಯಾಲಯದವರು ಖಡಾಖಂಡಿತವಾಗಿ ಹೇಳಿದ್ದರು. ಓನರ್ ರುದ್ರಪ್ಪನವರನ್ನು ಕೇಳಿದೆ. ಅವರು ತಲೆಯೆತ್ತದೆ, “ನೀನೇ ಬರ್ಕೊಂಡ್ ಬಾರಪ್ಪ, ಸೈನ್ ಹಾಕಿ ಸೀಲ್ ಒತ್ಕೊಡ್ತೀನಿ” ಎಂದರು. ನಮ್ಮಲ್ಲಿ ಇದೇನೂ ಹೊಸದಲ್ಲ. ಬೇಕಾದವನು ಬರೆಯುವುದು, ದೊಡ್ಡವರು ಸೀಲು ಒತ್ತುವುದು. ನೀವೂ ಬರೆದುಕೊಂಡಿರುತ್ತೀರಿ, ಮುಚ್ಚಿಡಬೇಡಿ. ಭಾನುವಾರ ಇಡೀ ಜಾಲಹಳ್ಳಿಯ ಮನೆಯಲ್ಲಿ ಕೂತು ಬರೆದೆ. ಮೊದಲ ಪ್ಯಾರಾದಲ್ಲಿ ನಾಚಿಕೆಯಾಯಿತು, ಎರಡನೆಯದರಲ್ಲಿ ನಾಚಿಕೆ ಬಿಟ್ಟುಹೋಯಿತು, ಮೂರನೆಯದಕ್ಕೆ ಬರುವಷ್ಟರಲ್ಲಿ ಇಡೀ ಕಾರ್ಖಾನೆ ನನ್ನ ಹೆಗಲ ಮೇಲೆ ನಿಂತಿತ್ತು. ಹೆಂಡತಿ ಸುಮಾ ಓದಿ, “ಯಾರ್ರೀ ಇವ್ರು? ನಂಗೂ ಸ್ವಲ್ಪ ಪರಿಚಯ ಮಾಡ್ಸಿ” ಎಂದಳು.

ಸೋಮವಾರ ರುದ್ರಪ್ಪನವರು ಸೀಲು ಕೈಗೆತ್ತಿಕೊಂಡರು. ಎಂದೂ ಇಲ್ಲದವರು ಅವತ್ತು ಕನ್ನಡಕವನ್ನೂ ಹಾಕಿಕೊಂಡರು. ಎರಡು ಸಲ ಓದಿದರು. “ಅಲ್ಲ ಕಣಯ್ಯ, ಇಷ್ಟೆಲ್ಲ ನೀನೇ ಮಾಡ್ತಿದ್ಯಾ? ಇಂಥವನ್ನ ಯಾವ ದಡ್ಡ ಬಿಟ್ಕೊಡ್ತಾನೆ?” ಎಂದವರೇ ಸೀಲನ್ನು ಡ್ರಾಯರಿನೊಳಗಿಟ್ಟು ಬೀಗ ಹಾಕಿಬಿಟ್ಟರು. ಅರ್ಜಿ ಸಲ್ಲಿಸಲು ಮೂರೇ ದಿನ ಉಳಿದಿತ್ತು. ವಿಧಿಯಿಲ್ಲದೆ ನನ್ನ ವಿರುದ್ಧ ನಾನೇ ವಾದಕ್ಕೆ ನಿಂತೆ. “ಸಾರ್, ಹೊಸೂರಿಗೆ ಹೋಗ್ಬೇಕಾದ ಲೋಡನ್ನ ತುಮಕೂರಿಗೆ ಕಳಿಸಿದ್ದು ನಾನೇ. ಡ್ರೈವರ್ ಮೇಲೆ ಹಾಕ್ಬಿಟ್ಟಿದ್ದೆ.” ಅವರು ಕುರ್ಚಿ ಮುಂದಕ್ಕೆಳೆದುಕೊಂಡು, “ಆಮೇಲೆ?” ಎಂದರು. “ಹೋದ ವರ್ಷದ ಕರಾರಲ್ಲಿ ಕೊನೇ ಪುಟ ಓದ್ದೇನೇ ನಿಮ್ ಹತ್ರ ಸೈನ್ ಹಾಕ್ಸಿದ್ದೆ ಸಾರ್.” “ಹಂಗಾದ್ರೆ ಈ ಕಾಗ್ದ ಸುಳ್ಳು. ಸುಳ್ಳಿಗೆ ಸೈನ್ ಹಾಕು ಅಂತೀಯಾ? ಲಾ ಓದಿರೋನು ನೀನು.”

ಪತ್ರ ನಿಜವಾದರೆ ನನಗೆ ಬಿಡುಗಡೆಯಿಲ್ಲ, ಸುಳ್ಳಾದರೆ ಸೈನಿಲ್ಲ. ಸಂಜೆ ಕಾಲೇಜಿನಲ್ಲಿ ಇದಕ್ಕೆ ಉತ್ತರ ಕಲಿಸಿರಲಿಲ್ಲ. ಪೆಚ್ಚಾಗಿ ನಿಂತವನನ್ನು ಕಂಡು ಪಾಪ ಅನ್ನಿಸಿತೋ ಏನೋ, ರುದ್ರಪ್ಪನವರು ಲೆಟರ್‌ಹೆಡ್ ಎಳೆದುಕೊಂಡು ತಮಗೆ ಬರುವ ಇಂಗ್ಲಿಷಿನಲ್ಲಿ ತಾವೇ ನಾಲ್ಕು ಸಾಲು ಬರೆದರು. ‘ಇವನು ತಪ್ಪು ಮಾಡುತ್ತಾನೆ. ತಡವಾಗಿ ಒಪ್ಪಿಕೊಳ್ಳುತ್ತಾನೆ. ಗೊತ್ತಿಲ್ಲದ್ದನ್ನು ಕೇಳುತ್ತಲೇ ಇರುತ್ತಾನೆ, ಉತ್ತರ ಹೇಳಿ ನನಗೆ ಸಾಕಾಗಿದೆ. ಸ್ವಲ್ಪ ದಿನ ನೀವು ಹೇಳಿ, ಆಮೇಲೆ ವಾಪಸ್ ಕಳಿಸಿ.’ ಸೀಲನ್ನು ಎರಡು ಸಲ ಒತ್ತಿದರು. ನನ್ನ ಕಥೆ ಮುಗಿಯಿತು ಎಂದುಕೊಂಡೇ ಅದನ್ನು ಕಳಿಸಿದೆ.

ಸೀಟು ಸಿಕ್ಕಿತು. ಅಲ್ಲಿಗೆ ಹೋದ ಮೇಲೆ, ನಮ್ಮನ್ನು ಆಯ್ಕೆ ಮಾಡಿದ ಪ್ರೊಫೆಸರಮ್ಮನೇ ಒಂದು ದಿನ ಹೇಳಿದರು: ಅಷ್ಟೂ ಹೊಗಳಿಕೆಗಳ ಮಧ್ಯೆ ನಿಮ್ಮ ಓನರ್ ಪತ್ರವೊಂದನ್ನೇ ನಂಬಬಹುದು ಅನ್ನಿಸಿತು, ಕೈಯಿಂದ ಕೈಗೆ ದಾಟಿಸಿ ಎಲ್ಲರೂ ಓದಿದೆವು ಎಂದು. ನನಗೆ ಕಣ್ಣು ತುಂಬಿ ಬಂತು. ಆ ರಾತ್ರಿಯೇ ಫೋನ್ ಮಾಡಿದರೆ ರುದ್ರಪ್ಪನವರು, “ಅದಿರ್ಲಿ, ಯಾವಾಗ ಬರ್ತೀಯ?” ಎಂದರು.

ಓದು ಮುಗಿಯುತ್ತ ಬಂದಾಗ ಅಲ್ಲೇ ಮೂರು ತಿಂಗಳ ತರಬೇತಿಗೆ ಆ ಪ್ರೊಫೆಸರಮ್ಮನ ಶಿಫಾರಸು ಬೇಕಾಯಿತು. ಕೇಳಿದೆ, ಸಂತೋಷದಿಂದ ಒಪ್ಪಿದರು. ಅವರಿಗೆ ಯಾಕೆ ಸುಮ್ಮನೆ ತೊಂದರೆ ಎಂದು ಮಾರನೆಯ ದಿನವೇ ಪತ್ರವನ್ನು ನೀಟಾಗಿ ಟೈಪ್ ಮಾಡಿ, ಸಹಿಗೆ ಜಾಗ ಬಿಟ್ಟು, ಮುಂದಿಟ್ಟೆ. ಅವರು ಪತ್ರವನ್ನೊಮ್ಮೆ ನನ್ನನ್ನೊಮ್ಮೆ ನೋಡಿ, ಇದನ್ನು ಬರೆದವರು ಯಾರು ಎಂದು ಕೇಳಿದರು. ನಾನೇ, ತಾವು ಸೈನ್ ಹಾಕಿದರೆ ಸಾಕು ಎಂದೆ.

ಅವರು ವರ್ಷವಿಡೀ ನಮಗೆ ಪಾಠ ಮಾಡಿದ್ದು ವಕೀಲನಿಗಿರಬೇಕಾದ ಪ್ರಾಮಾಣಿಕತೆಯ ಬಗ್ಗೆ. ಅದರಲ್ಲಿ ನನಗೆ ಒಳ್ಳೆಯ ಅಂಕವೂ ಬಂದಿತ್ತು. ಪತ್ರದ ಎರಡನೇ ಸಾಲಿನಲ್ಲೇ ಅದನ್ನು ಬರೆದಿದ್ದೆ.