ಉದ್ಯಾನದೊಳಗೆ ನಿರಾತಂಕವಾಗಿ ಹೋಗಿಬರುವ ಎಮ್ಮೆಯವರ ಸನ್ನಿಧಿಗೆ

ಶ್ರೀಮತಿ ಗುಡ್ಡಿಯವರಿಗೆ,
ಮಲ್ಲಾಬಾಯಿಯವರ ಮನೆಯ ಎಮ್ಮೆ,
ಬಿಡಾರ: ದೊಡ್ಡ ಉದ್ಯಾನದ ಹಿಂದಿನ ಗೋಡೆ, ಸುರಪುರ.

ಮಾನ್ಯರೇ,

ತಮ್ಮ ಮೆಲುಕಿಗೆ ಭಂಗ ತರುತ್ತಿರುವುದಕ್ಕೆ ಕ್ಷಮೆ ಕೋರಿ, ತಮ್ಮ ಮತ್ತು ತಮ್ಮ ಕರುವಿನ ಆರೋಗ್ಯ ವಿಚಾರಿಸಿ, ರತ್ನಾಬಾಯಿ, ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ, ಮೂರು ಗಾಲಿಯ ಕೈಸೈಕಲ್ಲಿನ ಮೇಲೆ ಕುಳಿತು ಬರೆದುಕೊಳ್ಳುವ ವಿನಂತಿ. ಈ ಪತ್ರವನ್ನು ಸಂಬಂಧಪಟ್ಟ ಅಧಿಕಾರಿಗಳಿಗೇ ಬರೆಯಬೇಕಿತ್ತು. ಆದರೆ ದೂರು ಪೆಟ್ಟಿಗೆಯನ್ನು ಉದ್ಯಾನದ ಒಳಗೆ ತೂಗುಹಾಕಿದ್ದಾರೆ, ನನಗೆ ಒಳಗೆ ಹೋಗಲಾಗುವುದಿಲ್ಲ, ನನ್ನ ದೂರೂ ಅದೇ. ಯಾರ ಅಪ್ಪಣೆಯನ್ನೂ ಕೇಳದೆ ಒಳಗೆ ಹೋಗಿಬರುವವರು ನನಗೆ ತಿಳಿದಂತೆ ತಾವೊಬ್ಬರೇ.

ತಮ್ಮನ್ನು ತಡೆಯಲೆಂದೇ ಹೋದ ವರ್ಷ ಮುಂಬಾಗಿಲಿಗೆ ಕಬ್ಬಿಣದ ಪೈಪುಗಳ ಸೊಟ್ಟ ಗೇಟು ಕೂರಿಸಿದರು. ಮನುಷ್ಯರಾದವರು ಹೊಟ್ಟೆ ಒಳಗೆಳೆದುಕೊಂಡು, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹೊರಳಿ ನುಸುಳಬೇಕು. ಅದನ್ನು ಕಂಡ ತಾವು ಮರುಮಾತಿಲ್ಲದೆ ಹಿಂದಕ್ಕೆ ಹೋಗಿ, ಗೋಡೆಗೆ ಮೈ ಉಜ್ಜಿ ಉಜ್ಜಿ, ಎರಡೇ ತಿಂಗಳಲ್ಲಿ ತಮ್ಮ ಅಳತೆಗೆ ಸರಿಯಾದ ಕಂಡಿ ಮಾಡಿಕೊಂಡಿರಿ. ಹೀಗಾಗಿ ಎಮ್ಮೆಗೆಂದು ಹಾಕಿದ ಗೇಟಿನ ಪೂರ್ತಿ ಪ್ರಯೋಜನ ನನಗೊಬ್ಬಳಿಗೇ ಸಿಕ್ಕಿದೆ. ದೊಡ್ಡ ಗೇಟೂ ಒಂದಿದೆ, ಆದರೆ ಅದಕ್ಕೆ ತಾಗಿಯೇ ಉದ್ಘಾಟನೆಯ ಕಲ್ಲು ನೆಟ್ಟಿರುವುದರಿಂದ ತೆರೆಯುವುದಿಲ್ಲ. ಕಲ್ಲಿನ ಮೇಲೆ 'ಸರ್ವರಿಗೂ ಸ್ವಾಗತ' ಎಂದು ಕೆತ್ತಿದ್ದಾರೆ. ಅಕ್ಷರಗಳು ದುಂಡಗಿವೆ, ನಾನಾದರೂ ಹತ್ತಕ್ಕೆ ಒಂಬತ್ತು ಅಂಕ ಕೊಡುತ್ತಿದ್ದೆ.

ಕಾವಲುಗಾರ ಅಂಬ್ರಪ್ಪನವರು ಒಳ್ಳೆಯವರು. "ನಿಮ್ಮಂಥೋರ ಸಲುವಾಗೇ ಹೊಸಾ ಗಾಲಿಕುರ್ಚಿ ತರಿಸ್ಯಾರ್ರಿ ಅಕ್ಕೋರ, ಒಳಗ ಬಂದು ರಿಜಿಸ್ಟರದಾಗ ಸಹಿ ಮಾಡಿ ತಗೊಂಡು ಹೋಗ್ರಿ, ಹೊರಗ ಕೊಡಾಕ ಹುಕುಂ ಇಲ್ಲ" ಎಂದು ಬಹಳ ಮರ್ಯಾದೆಯಿಂದ ಹೇಳಿದರು. ಆಯುಧಪೂಜೆಯ ದಿನ ಆ ಕುರ್ಚಿಗೆ ಕುಂಕುಮ ಹಚ್ಚಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸಿದರಂತೆ. ಆ ಒಂದು ಗೇಣೇ ಅದರ ಈವರೆಗಿನ ಪ್ರಯಾಣ.

ನಾನು ಗಾಳಿ ತೆಗೆದುಕೊಳ್ಳಲು ಒಳಗೆ ಹೋಗಬೇಕೆಂದವಳಲ್ಲ. ನಮ್ಮ ಮನೆಯವರು ರಂಗಣ್ಣನವರು ಯುಗಾದಿಗೆ ಮುಂಚೆ ಎದೆನೋವಿನಿಂದ ಕಲಬುರಗಿಯ ಆಸ್ಪತ್ರೆ ಸೇರಿ ಎಂಟು ದಿನಕ್ಕೆ ಮನೆಗೆ ಬಂದರು. ದಿನಾ ಉದ್ಯಾನದ ನಾಲ್ಕು ಸುತ್ತು ನಡೆಯಬೇಕು, ಕರಿದದ್ದು ಮುಟ್ಟಬಾರದು ಎಂದು ಡಾಕ್ಟರು ಹೇಳಿದ್ದಾರೆ. ನಾನು ಕಣ್ಣೆದುರಿಗಿದ್ದರೆ ಅವರು ನಡೆಯುತ್ತಾರೆ, ಇಲ್ಲದಿದ್ದರೆ ಇಲ್ಲ. ಮೂವತ್ತೆಂಟು ವರ್ಷದಿಂದ ನೋಡಿದ್ದೇನೆ. ಗೇಟಿನ ಹೊರಗೆ ಮುಕ್ಕಾಲು ಗಂಟೆ ಕಾದ ಮೇಲೆ ಹಣೆ ಒರೆಸಿಕೊಳ್ಳುತ್ತ ಬಂದು, "ನಾಕೂ ಸುತ್ತ ಹೊಡದೇನಿ ನೋಡು" ಎನ್ನುತ್ತಾರೆ. ಹಣೆಯ ನೀರು ನಲ್ಲಿಯದು, ಮೀಸೆಯ ವಾಸನೆ ಮಿರ್ಚಿ ಭಜಿಯದು. ಒಳಗೆ ಭಜಿ ಬಂಡಿ ಇಟ್ಟಿರುವ ವಹಾಬರನ್ನು ಗೋಡೆಯ ಈಚೆಯಿಂದ ಕೂಗಿ ಕೇಳಿದರೆ, "ನಾ ಯಾರನ್ನೂ ನೋಡಿಲ್ರಿ ಅಕ್ಕೋರ, ನಾ ಬರೇ ಎಣ್ಣಿ ನೋಡ್ತೀನಿ" ಎಂದರು. ನನಗೆ ಸಿಟ್ಟಿಗಿಂತ ಹೆದರಿಕೆ ಹೆಚ್ಚಾಗಿದೆ. ಈ ಮನುಷ್ಯ ನನಗೆ ಇನ್ನೂ ಬಹಳ ದಿನ ಬೇಕು.

ಆದಕಾರಣ ತಮ್ಮಲ್ಲಿ ಬೇಡುವುದೇನೆಂದರೆ, ತಮ್ಮ ಕಂಡಿಯನ್ನು ನಾನು ದಾರ ಹಿಡಿಸಿ ಅಳೆಸಿದ್ದೇನೆ, ನನ್ನ ಸೈಕಲ್ಲಿಗೆ ಸರಿಯಾಗಿ ನಾಲ್ಕು ಬೆರಳು ಕಡಿಮೆ ಬೀಳುತ್ತದೆ, ಆದ್ದರಿಂದ ತಾವು ದಯಮಾಡಿ ನಾಲ್ಕು ಬೆರಳು ದಪ್ಪಗಾಗಬೇಕು. ಇದಕ್ಕಾಗಿ ದಿನಾ ಒಂದು ಬುಟ್ಟಿ ಹತ್ತಿಕಾಳಿನ ಹಿಂಡಿ ಒದಗಿಸುತ್ತೇನೆ. "ಹಾಲು ನನಗ, ದಪ್ಪ ನಿಮಗ" ಎಂದು ಮಲ್ಲಾಬಾಯಿಯವರು ಒಪ್ಪಿಯೂ ಆಗಿದೆ. ಉಜ್ಜುವಾಗ ಎಡಮಗ್ಗುಲಿಗೆ ಹೆಚ್ಚು ಒತ್ತು ಕೊಟ್ಟರೆ ಬೇಗ ಆದೀತು, ಆ ಕಡೆ ಸಿಮೆಂಟು ಹಾಕುವುದನ್ನು ಗುತ್ತಿಗೆದಾರರು ಮರೆತಿದ್ದಾರೆ. ಅಲ್ಲಿಯವರೆಗೆ ತಾವು ನಮ್ಮ ಮನೆಯವರ ಹಿಂದೆ ಹತ್ತು ಹೆಜ್ಜೆ ಅಂತರದಲ್ಲಿ ನಾಲ್ಕು ಸುತ್ತು ನಡೆಯಬೇಕು. ಬಂಡಿಯ ಬಳಿ ಅವರು ನಿಧಾನಿಸಿದರೆ ಕೊಂಬು ತೋರಿಸಿದರೆ ಸಾಕು, ಮುಟ್ಟಿಸುವುದು ಬೇಡ. ಇದಾವುದೂ ಆಗದಿದ್ದಲ್ಲಿ, ಸದರಿ ರತ್ನಾಬಾಯಿ ಎಮ್ಮೆಯೇ ಹೌದೆಂದು ಒಂದು ದೃಢೀಕರಣ ಪತ್ರ ದಯಪಾಲಿಸಿ. ನನ್ನ ಅಂಗವಿಕಲತೆಯ ಪ್ರಮಾಣಪತ್ರಕ್ಕೆ ಮೂರು ಮೊಹರುಗಳಿದ್ದರೂ ಅದರಿಂದ ಈವರೆಗೆ ಯಾವ ಗೋಡೆಯೂ ಕದಲಿಲ್ಲ.

ಗೋಡೆಯ ಈಚೆ ಬದಿಯ, ತಮ್ಮ ವಿಶ್ವಾಸಿ,
ರತ್ನಾಬಾಯಿ

ತಾ.ಕ.: ಈ ಪತ್ರ ತಮಗೆ ಮುಟ್ಟಿಸುವ ಮೊದಲೇ, ನಿನ್ನೆ ಸಂಜೆ ನಮ್ಮ ಮನೆಯವರು ಒಳಗೆ ಎದೆ ಹಿಡಿದುಕೊಂಡು ಕುಸಿದರು. ಅಂಬುಲೆನ್ಸಿನವರ ಸ್ಟ್ರೆಚರು ಗೇಟಿನಲ್ಲಿ ತೂರಲಿಲ್ಲ. ಅಂಬ್ರಪ್ಪನವರು ಪಾನಾ ತಂದು ನಾಲ್ಕು ನಟ್ಟು ಬಿಚ್ಚಿದರು, ಇಡೀ ಗೇಟು ಕಿತ್ತು ಬಂತು, ಸ್ಟ್ರೆಚರಿನ ಹಿಂದೆಯೇ ನಾನೂ ಕೈಸೈಕಲ್ಲು ತಿರುಗಿಸಿಕೊಂಡು ಒಳಗೆ ಹೋದೆ. ಡಾಕ್ಟರು ನೋಡಿ, ಬರೀ ಗ್ಯಾಸು ಎಂದರು. ಇವತ್ತು ಬೆಳಿಗ್ಗೆ ಹೋದರೆ ಗೇಟು ಮತ್ತೆ ಕೂತಿದೆ. "ಸೀರಿಯಸ್ ಕೇಸಿಗೆ ಅಷ್ಟ ಬಿಚ್ಚಾಕ ಹುಕುಂ ಆಗೇದ್ರಿ ಅಕ್ಕೋರ" ಎಂದರು ಅಂಬ್ರಪ್ಪನವರು. ಆದ್ದರಿಂದ ನಮ್ಮ ಮನೆಯವರು ದಿನಾ ಸಂಜೆ ಐದಕ್ಕೆ ಒಳಗೆ ಹೋಗಿ ಎದೆ ಹಿಡಿದು ಬೀಳತಕ್ಕದ್ದು, ನಾನು ಒಳಗೆ ಬಂದ ಕೂಡಲೇ ಎದ್ದು ನಾಲ್ಕು ಸುತ್ತು ನಡೆಯತಕ್ಕದ್ದು ಎಂದು ಮನೆಯಲ್ಲಿ ತೀರ್ಮಾನವಾಗಿದೆ. ಅವರು ನಿಜವಾಗಿ ಬಿದ್ದ ದಿನ ಯಾವುದೆಂದು ನಾನು ತಿಳಿಯುವುದು ಹೇಗೆ ಎಂಬುದನ್ನು ಮಾತ್ರ ಸಂಬಂಧಪಟ್ಟವರೇ ತಿಳಿಸಬೇಕು.