ಭಟ್ರ ಪಿಕಪ್ಪಿಗೆ ತಂಪು ಬರಿಸಿದ್ದು

ಗಾಡಿಯ ಎಸಿ ರಿಪೇರಿ ಮಾಡುವವನ ಹತ್ತಿರ ತಣ್ಣಗಿರುವ ಮನುಷ್ಯ ಒಬ್ಬನೂ ಬರುವುದಿಲ್ಲ. ಬರುವವರೆಲ್ಲ ಬೆವರಿ, ಮುಖ ಕೆಂಪು ಮಾಡಿಕೊಂಡು, ದಾರಿಯಲ್ಲಿ ಯಾರ ಹತ್ತಿರವಾದರೂ ಒಂದು ಜಗಳ ಮುಗಿಸಿಕೊಂಡೇ ಬರುವುದು. ಪೆರ್ಲದಲ್ಲಿ ನಾನು ಶೆಡ್ಡು ಹಾಕಿ ಹದಿನಾಲ್ಕು ವರ್ಷ ಆಯಿತು, ಇಂಥದ್ದು ಆಗದ ವಾರ ಇಲ್ಲ. ವರ್ಕಾಡಿ ಕಡೆಯ ಒಬ್ಬರು ಜೀಪಿನ ಎಸಿ ಕೆಟ್ಟು ಎರಡು ವರ್ಷ ಆದರೂ ಗಾಜು ಇಳಿಸುತ್ತಿರಲಿಲ್ಲ. ಯಾಕೆ ಮಾರಾಯರೇ ಅಂತ ಕೇಳಿದರೆ, ಮಗಳನ್ನು ಕೊಟ್ಟ ಮನೆ ಅದೇ ದಾರಿಯಲ್ಲಿ ಉಂಟು, ಎಸಿ ಕೆಟ್ಟದ್ದು ಅವರಿಗೆ ಗೊತ್ತಾಗಬಾರದಲ್ಲ ಎಂದರು.

ಅದೆಲ್ಲ ಒಂದು ದಿನದ ನಗೆ. ಈ ವರ್ಷ ನನ್ನನ್ನು ಮೂರು ತಿಂಗಳು ಆಡಿಸಿದ್ದು ಎಡನೀರು ಕಡೆಯ ಅಡುಗೆ ಭಟ್ರ ಪಿಕಪ್ಪು.

ಭಟ್ರು ನಲ್ವತ್ತು ವರ್ಷದಿಂದ ಮದುವೆ, ಉಪನಯನ, ಗೃಹಪ್ರವೇಶದ ಅಡುಗೆ ಮಾಡುವವರು. ಪಾತ್ರೆ, ಸಾಮಾನು ಸಾಗಿಸಲಿಕ್ಕೆ ಒಂದು ಪಿಕಪ್ಪು ತೆಗೆದುಕೊಂಡರು. ಎಸಿ ಇದ್ದದ್ದೇ ಬೇಕು ಅಂತ ಹಟ ಹಿಡಿದು ತೆಗೆದುಕೊಂಡರು. ಮೊದಲ ದಿನ ನನ್ನ ಶೆಡ್ಡಿಗೆ ಬಂದಾಗ ಅವರು ಹೇಳಿದ್ದು ಇಷ್ಟೇ:

"ನೋಡಿ ಪೊರ್ಬುಗಳೇ, ಒಲೆಯ ಎದುರಿನಿಂದ ಎದ್ದು ಮನೆ ಮುಟ್ಟುವ ಅರ್ಧ ಗಂಟೆ ನನಗೆ ತಂಪು ಬೇಕು. ಬೇರೆ ಎಂತದೂ ಬೇಡ."

ನಮ್ಮ ಕಡೆ ಕೊಂಕಣಿ ಕ್ರಿಶ್ಚಿಯನ್ನರಿಗೆ ಪೊರ್ಬುಗಳು ಅಂತಲೇ ಹೇಳುವುದು. ಅವರು ಅಷ್ಟು ಆಸೆಯಿಂದ ಹೇಳಿದಾಗ ನನಗೆ ಪಾಪ ಅನಿಸಿತು. ಅರ್ಧ ಗಂಟೆಯ ತಂಪು ತಾನೇ, ಸಂಜೆಯ ಒಳಗೆ ಮಾಡಿಕೊಡುತ್ತೇನೆ ಎಂದೆ. ಬಾಯಿ ನನ್ನದು ಸ್ವಲ್ಪ ದೊಡ್ಡದು.

ನೀಲಿ ಉರಿ, ಕೆಂಪು ಉರಿ

ಅದು ಮದುವೆಗಳ ಕಾಲ, ಹೊರಗೆ ಹಂಚು ಕಾಯುವ ಬಿಸಿಲು. ಭಟ್ರ ದೂರು ಏನೆಂದರೆ ಎಸಿ ಹಾಕಿದರೆ ಬಿಸಿ ಗಾಳಿ ಬರುತ್ತದೆ, ಜಾಸ್ತಿ ಮಾಡಿದಷ್ಟೂ ಜಾಸ್ತಿ ಬಿಸಿ. ನಾನು ಬಾನೆಟ್ ತೆಗೆದೆ. ಗ್ಯಾಸಿನ ಪ್ರೆಶರ್ ನೋಡಿದೆ, ಸರಿ ಉಂಟು. ಫ್ಯಾನ್ ನೋಡಿದೆ, ಬೆಲ್ಟ್ ನೋಡಿದೆ, ಎಲ್ಲ ಸರಿ. ಒಂದು ಗಂಟೆ ಗಾಡಿಯ ಅಡಿಗೂ ಮೇಲಕ್ಕೂ ಹರಿದಾಡಿದೆ. ಕೊನೆಗೆ ಸೋತು ಒಳಗೆ ಹೋಗಿ ಕೂತಾಗ ಕಣ್ಣಿಗೆ ಬಿತ್ತು, ಬಿಸಿ ತಂಪು ಮಾಡುವ ಗುಂಡಿ ಪೂರ್ತಿ ಕೆಂಪಿನ ಕಡೆ ತಿರುಗಿ ಕೂತಿತ್ತು.

ಇದನ್ನು ಕೆಂಪಿಗೆ ಇಟ್ಟದ್ದು ಯಾರು ಅಂತ ಕೇಳಿದೆ. ನಾನೇ ಎಂದರು ಭಟ್ರು, ಒಂದು ಚೂರೂ ಅಳುಕಿಲ್ಲದೆ. ಕೆಂಪು ಅಂದರೆ ಬಿಸಿ, ನೀಲಿ ಅಂದರೆ ತಂಪು ಅಲ್ಲವಾ ಎಂದೆ. ಭಟ್ರು ನನ್ನನ್ನು ಚಟ್ನಿಗೆ ಬೆಲ್ಲ ಹಾಕಿದವನನ್ನು ನೋಡುವ ಹಾಗೆ ನೋಡಿದರು. ಆಮೇಲೆ ನಿಧಾನಕ್ಕೆ ಪಾಠ ಮಾಡಿದರು. ಗ್ಯಾಸಿನ ಒಲೆಯಲ್ಲಿ ನೀಲಿ ಉರಿ ಬಂದರೆ ಅದು ಖಡಕ್ ಬೆಂಕಿ, ಕೊಪ್ಪರಿಗೆ ನೀರು ಹತ್ತು ನಿಮಿಷಕ್ಕೆ ಕುದಿಯುತ್ತದೆ. ಉರಿ ಕೆಂಪಾಯಿತು ಅಂದರೆ ಸಿಲಿಂಡರ್ ಮುಗಿಯಿತು, ಕಾವಿಲ್ಲ ಅಂತ ಲೆಕ್ಕ. ತಂಪು ಬೇಕಾದವನು ನೀಲಿಗೆ ಯಾಕೆ ತಿರುಗಿಸುತ್ತಾನೆ?

ಗುಂಡಿಯನ್ನು ನೀಲಿಗೆ ತಿರುಗಿಸಿದೆ, ತಂಪು ಗಾಳಿ ಬಂತು. ಕೆಂಪಿಗೆ ತಿರುಗಿಸಿ ಬಿಸಿ ತೋರಿಸಿದೆ. ಎಂಜಿನ್ನಿನ ಬಿಸಿ ನೀರು ಒಂದು ಸಣ್ಣ ಪೆಟ್ಟಿಗೆಗೆ ಬರುತ್ತದೆ, ಗಾಳಿ ಅದರ ಮೇಲೆ ಹಾದು ಬಂದರೆ ಬಿಸಿ ಅಂತ ವಿವರಿಸಿದೆ. ಭಟ್ರು ಎಲ್ಲ ಕೇಳಿ, ಹೊರಡುವಾಗ ಆ ಗುಂಡಿಯನ್ನು ಇನ್ನೊಮ್ಮೆ ನೋಡಿ ಹೇಳಿದರು:

"ಈ ಗಾಡಿ ಮಾಡಿದವರು ಒಂದು ದಿನವಾದರೂ ಅನ್ನ ಬೇಯಿಸಿದ ಜನ ಅಲ್ಲ."

ಸಾಮಾನಿನ ಪಟ್ಟಿ

ಎರಡು ವಾರ ಕಳೆದು ಪುನಃ ಬಂದರು. ಈಗ ಗುಂಡಿ ನೀಲಿಯಲ್ಲೇ ಉಂಟು, ಆದರೆ ಗಾಳಿ ಬರುವುದಿಲ್ಲ. ಬಂದರೂ ಮುದುಕರು ಊದಿದ ಹಾಗೆ. ಜೊತೆಗೆ ಇಂಗಿನ ವಾಸನೆ. ಇಂಗು ಭಟ್ರದ್ದೇ ಇರಬಹುದು ಅಂತ ಮೊದಲು ಎಣಿಸಿದೆ. ಆದರೆ ಅವರು ಇಳಿದ ಮೇಲೂ ವಾಸನೆ ಇಳಿಯಲಿಲ್ಲ.

ಎಡಗಡೆಯ ಸೀಟಿನ ಎದುರಿನ ಖಾನೆ ಬಿಚ್ಚಿ, ಅದರ ಹಿಂದಿನ ಬ್ಲೋವರ್ ತೆಗೆದೆ. ಒಳಗಿಂದ ಒಂದು ಇಲಿ ನನ್ನ ತೋಳಿನ ಮೇಲೆ ಓಡಿ, ಹೆಗಲಿನಿಂದ ಹಾರಿ ಹೋಯಿತು. ನಾನು ಯೇಸುವನ್ನೂ ಮಾತೆಯನ್ನೂ ಒಟ್ಟಿಗೆ ಕರೆದೆ. ಭಟ್ರು ಮಾತ್ರ ಅಲ್ಲಾಡಲಿಲ್ಲ. ಹೆದರಬೇಡಿ, ಅದು ಅಡುಗೆ ಮನೆಯದ್ದೇ ಎಂದರು. ಬೆಲ್ಲ, ಕೊಬ್ಬರಿ, ಇಂಗು ಎಲ್ಲ ಮಳೆ ಬಿಸಿಲು ತಾಗಬಾರದು ಅಂತ ಅವರು ಸೀಟಿನ ಅಡಿಯಲ್ಲೇ ಇಡುತ್ತಿದ್ದರು. ಇಲಿ ಅಲ್ಲೇ ಉಂಡು ಮೇಲೆ ಹೋಗಿ ಮಲಗುತ್ತಿತ್ತು. ಎಸಿ ರೂಮು ಬೇರೆ.

ಗೂಡನ್ನು ಕೈಯಲ್ಲಿ ಬಾಚಿ ತೆಗೆದೆ. ಗೋಣಿ ನಾರು, ಒಣಗಿದ ಕರಿಬೇವು, ಇವುಗಳ ನಡುವೆ ಮಡಚಿದ ಒಂದು ಕಾಗದ. ಭಟ್ರು ಅದನ್ನು ಬಿಡಿಸಿ ನೋಡಿ ಒಮ್ಮೆಲೇ ಕಲ್ಲಿನ ಮೇಲೆ ಕೂತುಬಿಟ್ಟರು. ಅದು ಬದಿಯಡ್ಕದ ಒಂದು ಮದುವೆಯ ಸಾಮಾನಿನ ಪಟ್ಟಿ. ಮದುವೆಯ ಹಿಂದಿನ ದಿನ ಕಾಣೆಯಾದದ್ದು. ಹೆಂಡತಿಯೇ ಕಾಗದ ಒಲೆಗೆ ಹಾಕಿದ್ದು ಅಂತ ಭಟ್ರು ಹಾರಾಡಿದ್ದರಂತೆ, ಆ ಅಕ್ಕ ಅಲ್ಲಿಂದ ಅವರ ಹತ್ತಿರ ಮಾತು ಬಿಟ್ಟಿದ್ದರಂತೆ.

ನಾನು ಬಗ್ಗಿ ನೋಡಿದೆ. ಹೋಳಿಗೆ, ಲಾಡು, ಪಾಯಸದ ಸಾಮಾನಿನ ಸಾಲು ಇಲಿ ಪೂರ್ತಿ ತಿಂದಿತ್ತು. ಹಾಗಲಕಾಯಿಯ ಸಾಲಿಗೆ ಹಲ್ಲೂ ತಾಗಿಸಿರಲಿಲ್ಲ. ಇದನ್ನು ಅಕ್ಕನಿಗೆ ತೋರಿಸುತ್ತೀರಲ್ಲ ಅಂತ ಕೇಳಿದೆ. ಭಟ್ರು ಪಟ್ಟಿಯನ್ನು ಚೂರು ಚೂರು ಹರಿದರು.

"ಎಂತಕ್ಕೆ? ಅವಳು ಮಾತಾಡಲಿಕ್ಕೆ ಶುರು ಮಾಡಿದ್ದೇ ನಿನ್ನೆ."

ಎಡಕ್ಕೆ ತಿರುಗಿದರೆ ಬಿಸಿ

ಇದು ನನ್ನ ಮರ್ಯಾದೆ ತೆಗೆದ ಪ್ರಸಂಗ. ಗಾಡಿ ನನ್ನ ಶೆಡ್ಡಿನಲ್ಲಿ ನಿಂತರೆ ಹಿಮದ ಹಾಗೆ ತಂಪು. ಭಟ್ರು ಕಾರ್ಯಕ್ರಮ ಮುಗಿಸಿ ಮನೆಗೆ ಹೊರಟರೆ ನಡುದಾರಿಯಲ್ಲಿ ಬಿಸಿ. ಪುನಃ ತಂಪು, ಪುನಃ ಬಿಸಿ. ನಾಲ್ಕು ಸಲ ತಂದರು, ನಾಲ್ಕು ಸಲವೂ ನನ್ನ ಎದುರು ಗಾಡಿ ಒಳ್ಳೆಯ ಹುಡುಗನ ಹಾಗೆ ನಡೆದುಕೊಂಡಿತು. ಅಷ್ಟರಲ್ಲಿ ಸುದ್ದಿ ಹಬ್ಬಿತ್ತು. ಪೊರ್ಬುಗಳು ರಿಪೇರಿ ಮಾಡಿದ ತಂಪು ಅವರ ಶೆಡ್ಡಿನಲ್ಲೇ ಉಳಿಯುತ್ತದೆ ಅಂತ ಭಟ್ರು ಊಟದ ಪಂಕ್ತಿಯಲ್ಲಿ ಸಾರು ಬಡಿಸುತ್ತಾ ಹೇಳುತ್ತಿದ್ದರಂತೆ. ಪಂಕ್ತಿಯಲ್ಲಿ ಕೂತವರಲ್ಲಿ ಅರ್ಧ ನನ್ನ ಗಿರಾಕಿಗಳು.

ಐದನೇ ಸಲ ಬಂದಾಗ ಅವರು ಬೈಯಲಿಲ್ಲ. ಸುಮ್ಮನೆ ಕೂತು, ಹೆಗಲ ಮೇಲಿನ ಬೈರಾಸಿನಲ್ಲಿ ಮುಖ ಒರೆಸಿಕೊಂಡು, ಬೆಂಕಿಯ ಎದುರು ನಿಂತವನಿಗೆ ತಂಪಿನ ಯೋಗ ಇಲ್ಲವೋ ಏನೋ ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಇದು ತಡೆಯಲಿಲ್ಲ. ಶೆಡ್ಡಿಗೆ ಬೀಗ ಹಾಕಿ ಅವರೊಟ್ಟಿಗೆ ಹೊರಟೆ.

ಬದಿಯಡ್ಕ ದಾಟಿದ ಮೇಲೆ ರಸ್ತೆ ಹಾವಿನ ಹಾಗೆ ತಿರುಗುತ್ತದೆ. ಎಡಕ್ಕೆ ತಿರುಗಿದಾಗ ಡ್ಯಾಶ್‌ಬೋರ್ಡಿನ ಒಳಗೆ ಟಕ್ ಅಂತ ಒಂದು ಶಬ್ದ, ಹಿಂದೆಯೇ ಬಿಸಿ ಗಾಳಿ. ಬಲಕ್ಕೆ ತಿರುಗಿದಾಗ ಪುನಃ ಟಕ್, ತಂಪು. ನನಗೆ ಅಲ್ಲೇ ದೇವರಿಗೆ ಒಂದು ಸ್ತುತಿಗೀತೆ ಹಾಡಬೇಕು ಅನಿಸಿತು. ಗಾಡಿ ತಿರುಗಿಸಿ ಶೆಡ್ಡಿಗೆ ತಂದು ಡ್ಯಾಶ್‌ಬೋರ್ಡು ಬಿಚ್ಚಿದೆ. ಒಳಗೆ ಬಿಸಿ ಗಾಳಿ, ತಂಪು ಗಾಳಿ ಬೇರೆ ಮಾಡಲಿಕ್ಕೆ ಒಂದು ಸಣ್ಣ ಬಾಗಿಲು ಉಂಟು, ಗುಂಡಿ ತಿರುಗಿಸಿದರೆ ಅದು ತೆರೆದು ಮುಚ್ಚುವುದು. ಆ ಬಾಗಿಲಿನ ಬುಡದಲ್ಲಿ ಏಳು ಅಡಿಕೆ.

ಕತೆ ಹೀಗೆ. ಯಾವ ಮನೆಯಲ್ಲಿ ಅಡುಗೆ ಮುಗಿದರೂ ಭಟ್ರಿಗೆ ವೀಳ್ಯ ಕೊಡುತ್ತಾರೆ. ಎಲೆ ಭಟ್ರ ಬಾಯಿಗೆ, ಒಂದು ಅಡಿಕೆ ಡ್ಯಾಶ್‌ಬೋರ್ಡಿನ ಗಣಪತಿಗೆ. ಗಣಪತಿಯನ್ನು ಸ್ಕ್ರೂ ಹಾಕಿ ಕೂರಿಸುವಾಗ ಗಾಜಿಗೆ ಗಾಳಿ ಬಿಡುವ ಜಾಲರಿಯ ಮೂಲೆ ಮುರಿದಿತ್ತು. ಇಟ್ಟ ಅಡಿಕೆ ಉರುಳಿ ಆ ತೂತಿನಲ್ಲಿ ಕೆಳಗೆ. ಅಡಿಕೆ ಕಾಣದಾದಾಗಲೆಲ್ಲ ದೇವರಿಗೆ ಸಂದಾಯ ಆಯಿತು ಅಂತ ಭಟ್ರು ಕೈ ಮುಗಿಯುತ್ತಿದ್ದರು.

ಗೆದ್ದ ಜಂಬ ನನಗೆ. ಅಡಿಕೆ ಈಚೆ ಉರುಳಿದರೆ ಬಾಗಿಲು ಬಿಸಿಯ ಕಡೆ ನಿಲ್ಲುತ್ತದೆ, ಆಚೆ ಸಂದಿಯಲ್ಲಿ ಕೂತಿದ್ದರೆ ಗುಂಡಿ ಎಲ್ಲಿಗೆ ತಿರುಗಿಸಿದರೂ ಬಾಗಿಲು ತಂಪಿನಲ್ಲೇ ನಿಂತು ನಿಮಗೆ ಗೊತ್ತೇ ಆಗುತ್ತಿರಲಿಲ್ಲ ಅಂತ ತೋರಿಸಿ ತೋರಿಸಿ ಹೇಳಿದೆ. ಭಟ್ರು ಬಹಳ ಶ್ರದ್ಧೆಯಿಂದ ನೋಡಿದರು. ಮತ್ತೆ ಏಳು ಅಡಿಕೆಯನ್ನೂ ಒಂದೊಂದಾಗಿ ಎತ್ತಿ ಹಿಡಿದು, ಇದು ಮುಳ್ಳೇರಿಯದ ಉಪನಯನದ್ದು, ಇದು ಬದಿಯಡ್ಕದ ಮದುವೆಯದ್ದು ಅಂತ ಗುರುತು ಹೇಳಿ ಬೈರಾಸಿನ ತುದಿಗೆ ಕಟ್ಟಿಕೊಂಡರು. ಒಂದನ್ನು ಮಾತ್ರ ಮೂಸಿ ನೋಡಿ ಮುಖ ಸಿಂಡರಿಸಿದರು.

"ಹಾಳು ಅಡಿಕೆ ಕೊಟ್ಟಿದ್ದಾರೆ. ಗಣಪತಿ ತೆಗೆದುಕೊಳ್ಳದಿದ್ದದ್ದು ಸುಮ್ಮನೆ ಅಲ್ಲ."

ಹಪ್ಪಳ

ಜಾಲರಿಯ ತೂತು ಮುಚ್ಚಿ ಕಳಿಸಿದೆ. ಮರುದಿನ ಮಧ್ಯಾಹ್ನ ಭಟ್ರ ಫೋನು. ದಾರಿ ಬದಿಯಲ್ಲಿ ಗಾಡಿ ನಿಲ್ಲಿಸಿ ಮಾಡಿದ್ದು. "ಪೊರ್ಬುಗಳೇ, ಚಳಿ ಆಗ್ತದೆ" ಎಂದರು. ಬೈರಾಸು ಹೊದ್ದುಕೊಂಡು ಕೂತಿದ್ದರಂತೆ. ನನಗೆ ನಿಜವಾಗಿ ಕಣ್ಣು ತುಂಬಿ ಬಂತು. ಹದಿನಾಲ್ಕು ವರ್ಷದಲ್ಲಿ ಯಾರೂ ನನಗೆ ಅಷ್ಟು ಸಂತೋಷದಲ್ಲಿ ಫೋನು ಮಾಡಿದ್ದಿಲ್ಲ. ಮುಂದಿನ ತಿಂಗಳು ಒಂದು ಆದಿತ್ಯವಾರ ಮನೆಗೆ ಊಟಕ್ಕೆ ಬರಲೇಬೇಕು ಎಂದರು.

ಹೋದೆ. ಪೂಜೆ ಮುಗಿಸಿ ಇಗರ್ಜಿಯಿಂದಲೇ ಸ್ಕೂಟರಿನಲ್ಲಿ ಹೊರಟೆ. ಮೇ ತಿಂಗಳ ಕೊನೆ, ಮಳೆ ಈ ಸಲ ಬೇಗ ಹಿಡಿದು ಮೂರು ದಿನ ಆಗಿತ್ತು. ಭಟ್ರ ಅಂಗಳಕ್ಕೆ ಹೊಕ್ಕು ನೋಡಿದರೆ, ಶೀಟಿನ ಮಾಡಿನ ಅಡಿಯಲ್ಲಿ ಪಿಕಪ್ಪು ಗಾಜು ಏರಿಸಿಕೊಂಡು ಗುರ್ ಅನ್ನುತ್ತಾ ನಿಂತಿದೆ. ಅದರ ಪಕ್ಕದಲ್ಲಿ ಭಟ್ರು ಬರಿಮೈಯಲ್ಲಿ ನಿಂತು ಅಡಿಕೆ ಹಾಳೆಯ ಬೀಸಣಿಗೆಯಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದಾರೆ. ಎಸಿ ಪುನಃ ಕೆಟ್ಟಿತು ಅಂತಲೇ ಎಣಿಸಿದೆ.

ಗಾಜಿನ ಒಳಗೆ ಇಣುಕಿದೆ. ಸೀಟಿನ ಮೇಲೆ, ಡ್ಯಾಶ್‌ಬೋರ್ಡಿನ ಮೇಲೆ, ಗಣಪತಿಯ ಎಡಬಲದಲ್ಲಿ, ಎಲ್ಲ ಕಡೆ ಹಲಸಿನಕಾಯಿ ಹಪ್ಪಳ ಹರಡಿತ್ತು. ಗುಂಡಿ ಪೂರ್ತಿ ಕೆಂಪಿನಲ್ಲಿ.

ಭಟ್ರ ಮನೆಯ ಅಕ್ಕ ನಗುತ್ತಾ ಹೊರಗೆ ಬಂದರು. ಹಪ್ಪಳ ತಟ್ಟಿ ಆಗಿತ್ತಂತೆ, ಬಿಸಿಲಿಗೆ ಇಡಬೇಕು ಅನ್ನುವಾಗ ಮಳೆ ಹಿಡಿಯಿತಂತೆ. ಎರಡು ದಿನ ಹಾಗೇ ಇದ್ದರೆ ಬೂಸಲು ಬಂದು ವರ್ಷದ ಹಪ್ಪಳವೆಲ್ಲ ಹೋಗುತ್ತಿತ್ತು.

"ಕೆಂಪಿಗೆ ತಿರುಗಿಸಿದರೆ ಬಿಸಿ ಅಂತ ನೀವು ಇವರಿಗೆ ಕಲಿಸಿಕೊಟ್ಟದ್ದು ದೊಡ್ಡ ಉಪಕಾರ ಆಯಿತು ಮಾರಾಯರೇ" ಎಂದರು. ಎಂಜಿನ್ ಚಾಲೂ ಇರುವಾಗ ಗಾಡಿ ಬಿಟ್ಟು ಹೋಗಬಾರದು ಅಂತಲೂ ನಾನೇ ಹೇಳಿದ್ದಂತೆ, ಹಾಗಾಗಿ ಭಟ್ರು ಕಾವಲು. ಹದಿನೈದು ನಿಮಿಷಕ್ಕೊಮ್ಮೆ ಬಾಗಿಲು ತೆರೆದು, ಆ ಬಿಸಿಗೆ ತಲೆ ಕೊಟ್ಟು, ಹಪ್ಪಳ ಮಗುಚುವ ಕೆಲಸವೂ ಅವರದ್ದೇ.

ಅಷ್ಟಕ್ಕೇ ಮುಗಿಯಲಿಲ್ಲ. ಹಿಂದಿನ ದಿನ ಮುಳ್ಳೇರಿಯದಲ್ಲಿ ಭಟ್ರಿಗೆ ಅಡುಗೆ ಇತ್ತಂತೆ, ಹಪ್ಪಳ ಇನ್ನೂ ಹಸಿ. ತೆಗೆಯಬೇಡಿ, ಹಾಗೇ ಹೋಗಿ ಬನ್ನಿ ಅಂತ ಅಕ್ಕ ಅಪ್ಪಣೆ ಮಾಡಿದರು. ಹೋಗುವ ಅರ್ಧ ಗಂಟೆ, ಬರುವ ಅರ್ಧ ಗಂಟೆ ಸುಮ್ಮನೆ ಹಾಳಾಗಬಾರದಲ್ಲ. ಭಟ್ರು ಒಲೆಯ ಎದುರಿನಿಂದ ಎದ್ದು, ಗಾಜು ಏರಿಸಿ, ಕೆಂಪಿನಲ್ಲಿ ಇಟ್ಟು, ಹಪ್ಪಳಗಳ ಜೊತೆ ಒಬ್ಬರೇ ಬೇಯುತ್ತಾ ಮನೆಗೆ ಬಂದರು.

ಊಟ ಮಾತ್ರ ಹೇಳಿ ಸುಖ ಇಲ್ಲ, ಅಷ್ಟು ಚೆನ್ನಾಗಿತ್ತು. ಅದೇ ಹಪ್ಪಳ ಕರಿದು ಬಡಿಸಿದರು, ನಾನು ಎಂಟು ತಿಂದೆ. ಬಿಸಿಲಿಗಿಂತ ಇದೇ ಗರಿಗರಿ, ಬರುವ ವರ್ಷ ಸಂಡಿಗೆಯನ್ನೂ ಇದರಲ್ಲೇ ಎಂದರು ಅಕ್ಕ. ಭಟ್ರು ಮಜ್ಜಿಗೆ ಕುಡಿದು ಎದ್ದರು.

ಹೊರಟಾಗ ಅವರು ಸ್ಕೂಟರಿನವರೆಗೆ ಬಂದರು. ಅಕ್ಕ ಒಳಗೆ ಪಾತ್ರೆ ತೊಳೆಯುವ ಶಬ್ದ ಕೇಳುತ್ತಿತ್ತು. ಭಟ್ರು ಒಮ್ಮೆ ಆ ಕಡೆ ನೋಡಿ, ಬೈರಾಸಿನ ತುದಿಯ ಗಂಟು ಬಿಚ್ಚಿ, ಒಂದು ಅಡಿಕೆ ತೆಗೆದು ನನ್ನ ಅಂಗೈಯಲ್ಲಿ ಇಟ್ಟರು. ಮತ್ತೆ ನನ್ನ ಕಿವಿಯ ಹತ್ತಿರ ಬಗ್ಗಿದರು.

"ಪೊರ್ಬುಗಳೇ, ತಂಪಿನಲ್ಲೇ ನಿಲ್ಲಿಸುವ ಆಚೆ ಸಂದಿ ಅಂತ ಹೇಳಿದಿರಲ್ಲ. ಇದನ್ನು ಎಲ್ಲಿಂದ ಹಾಕಿದರೆ ಅಲ್ಲಿಗೆ ಹೋಗಿ ಕೂರ್ತದೆ?"